ಎದುರಿಗೆ ಕೂತು ಕೇಳುವವರು: ಗದಗ–ಕುಂದಗೋಳದ ಸೀಮೆಯಲ್ಲಿ ಕಲಾವಿದರು ಬೆಳೆದ ಬಗೆ

ಹಾಡು, ನಾಟಕ, ಚಿತ್ರ, ಬರಹ ಇವುಗಳಲ್ಲಿ ಯಾವುದನ್ನಾದರೂ ಬದುಕಾಗಿ ಆರಿಸಿಕೊಂಡವರಿಗೆ ಪುಸ್ತಕ ಮತ್ತು ಪ್ರಮಾಣಪತ್ರಗಳಿಗಿಂತ ಮೊದಲು ಒಬ್ಬ ಮನುಷ್ಯ ಬೇಕಾಗುತ್ತಾನೆ. ದಿನವೂ ಎದುರಿಗೆ ಕೂತು ಕೇಳುವವನು, ತಪ್ಪಿದಲ್ಲಿ ಕೈ ಎತ್ತಿ ತಡೆಯುವವನು, ಸರಿಯಾಗುವ ತನಕ ಮತ್ತೆ ಮತ್ತೆ ಹಾಡಿಸುವವನು, ಕಡೆಗೆ ಇನ್ನು ಸಾಕು ಹೋಗು ಎಂದು ವೇದಿಕೆಗೆ ಕಳಿಸುವವನು. ಇಂಥವರು ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಗದಗ, ಧಾರವಾಡ, ಹಾವೇರಿ ಸೀಮೆಯಷ್ಟು ಒಳ್ಳೆಯ ಸಾಕ್ಷಿ ದೇಶದಲ್ಲಿ ಅಪರೂಪ. ಸವಾಯಿ ಗಂಧರ್ವ, ಪಂಚಾಕ್ಷರಿ ಗವಾಯಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಪುಟ್ಟರಾಜ ಗವಾಯಿ ಇವರೆಲ್ಲ ಹುಟ್ಟಿದ ಊರುಗಳು ಒಂದರಿಂದೊಂದು ಹೆಚ್ಚೆಂದರೆ ಒಂದು ದಿನದ ದಾರಿ. ಇದಕ್ಕೆ ಮಣ್ಣು, ನೀರು, ಗಾಳಿ ಕಾರಣ ಎಂದು ಹೇಳುವುದು ರೂಢಿ. ಇವರ ಬದುಕನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಕಾಣುವ ಕಾರಣ ಬೇರೆ: ಒಬ್ಬೊಬ್ಬರ ಹಿಂದೆಯೂ ಅವರನ್ನು ವರ್ಷಗಟ್ಟಲೆ ತಾಳ್ಮೆಯಿಂದ ಕೇಳಿದ ಒಬ್ಬ ಗುರು ಇದ್ದರು.

ಈ ಪರಂಪರೆಯ ತೀರ ಕೆಳಗಿನ ಮೆಟ್ಟಿಲು ಹಳ್ಳಿಯಲ್ಲೇ ಇದೆ. ಹಿಂದೆ ರೋಣ ತಾಲ್ಲೂಕಿನಲ್ಲಿದ್ದು ಈಗ ಗಜೇಂದ್ರಗಡ ತಾಲ್ಲೂಕಿಗೆ ಸೇರಿರುವ ಲಕ್ಕಲಕಟ್ಟಿಯಂಥ ಊರುಗಳ ಸೀಮೆಯಲ್ಲಿ ಜಾತ್ರೆ ಎಂದರೆ ನಾಟಕ, ನಾಟಕ ಎಂದರೆ ಪೇಟಿ (ಹಾರ್ಮೋನಿಯಂ) ಮಾಸ್ತರ. ಜಾತ್ರೆಗೆ ಕೆಲವು ವಾರ ಇರುವಾಗ ಊರಿನ ಹುಡುಗರು ಸೇರಿ ಒಬ್ಬ ಮಾಸ್ತರನನ್ನು ಕರೆಸುತ್ತಾರೆ. ಹಗಲು ಹೊಲದ ಕೆಲಸ, ರಾತ್ರಿ ಗುಡಿಯಲ್ಲೋ ಶಾಲೆಯ ಪಡಸಾಲೆಯಲ್ಲೋ ತಾಲೀಮು. ಮಾಸ್ತರ ಮೊದಲು ಮಾಡುವ ಕೆಲಸ ಹಾಡು ಕಲಿಸುವುದಲ್ಲ. ಪಾತ್ರಧಾರಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಪೇಟಿಯ ಮನೆಗಳನ್ನು ಒಂದೊಂದಾಗಿ ಒತ್ತುತ್ತ, ಅವನ ಕಂಠ ಎಲ್ಲಿ ನಿರಾಳವಾಗಿ ಕೂರುತ್ತದೆ ಎಂದು ನೋಡುತ್ತಾನೆ. ಒಬ್ಬನದು ಕಪ್ಪು ಎರಡು, ಇನ್ನೊಬ್ಬನದು ಬಿಳಿ ನಾಲ್ಕು. ತನ್ನ ಶ್ರುತಿ ಯಾವುದು ಎಂದು ಅಲ್ಲಿಯವರೆಗೆ ಆ ಹುಡುಗನಿಗೇ ಗೊತ್ತಿರುವುದಿಲ್ಲ. ಸಿನಿಮಾ ಹಾಡನ್ನು ಮೂಲ ಗಾಯಕರ ಎತ್ತರದಲ್ಲೇ ಹಾಡಲು ಹೋಗಿ ಗಂಟಲು ಕಟ್ಟಿಸಿಕೊಂಡಿದ್ದವನಿಗೆ ಅವನದೇ ಆಧಾರ ಷಡ್ಜವನ್ನು ಹುಡುಕಿ ಕೊಡುವುದು ಸಣ್ಣ ಉಪಕಾರವಲ್ಲ. ಮಾರ್ಗದರ್ಶನದ ಮೊದಲ ಹೆಜ್ಜೆ ಎಲ್ಲ ಕಲೆಗಳಲ್ಲೂ ಇದೇ: ಕಲಿಯುವವನ ಕಂಠ ಯಾವುದು ಎಂದು ಅವನಿಗಿಂತ ಮೊದಲು ಇನ್ನೊಬ್ಬರು ಗುರುತಿಸುವುದು.

ರೋಣದಲ್ಲಿ 1922ರ ಫೆಬ್ರವರಿ 4ರಂದು ಹುಟ್ಟಿದ ಭೀಮಸೇನ ಜೋಶಿಯವರ ಕತೆ ಈ ಸೀಮೆಯವರಿಗೆ ಬಾಯಿಪಾಠ. ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು. ಮನೆ ತುಂಬ ಮಕ್ಕಳು, ಹದಿನಾರು ಜನರಲ್ಲಿ ಭೀಮಸೇನನೇ ಹಿರಿಯ. ಬೀದಿಯಲ್ಲಿ ಭಜನೆಯವರು, ಬ್ಯಾಂಡಿನವರು ಹೊರಟರೆ ಹುಡುಗ ಅವರ ಬೆನ್ನು ಹತ್ತಿ ಹೋಗಿ, ದಣಿದು ಎಲ್ಲೋ ಮಲಗಿಬಿಡುತ್ತಿದ್ದ. ಹುಡುಕಿ ಸೋತ ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದಿದ್ದರಂತೆ, ಸಿಕ್ಕವರು ಮನೆಗೆ ಮುಟ್ಟಿಸಲಿ ಎಂದು. ಗದುಗಿಗೆ ಹತ್ತಿರದ ಕುರ್ತಕೋಟಿಯ ಚನ್ನಪ್ಪ ಅವರ ಮೊದಲ ಗುರು. ಚನ್ನಪ್ಪನವರಿಂದ ಭೈರವ, ಭೀಮಪಲಾಸಿಯಂಥ ರಾಗಗಳ ಪರಿಚಯವಾಯಿತು. ಆಮೇಲೆ ಉಸ್ತಾದ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಗ್ರಾಮೋಫೋನ್ ತಟ್ಟೆಯೊಂದು ಕಿವಿಗೆ ಬಿತ್ತು. ಹಾಗೆ ಹಾಡಬೇಕು, ಹಾಗೆ ಹಾಡುವುದನ್ನು ಕಲಿಸುವವರು ಬೇಕು ಎಂಬ ಹಟದಲ್ಲಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಹುಡುಗ ಮನೆ ಬಿಟ್ಟ.

ರೈಲಿನಲ್ಲಿ ಸಹಪ್ರಯಾಣಿಕರು ಕೊಟ್ಟ ಕಾಸಿನ ಮೇಲೆ ಪುಣೆ, ಗ್ವಾಲಿಯರ್; ಅಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನರ ನೆರವಿನಿಂದ ಮಾಧವ ಸಂಗೀತ ವಿದ್ಯಾಲಯ; ಮುಂದೆ ದಿಲ್ಲಿ, ಕೋಲ್ಕತ್ತ, ಲಖನೌ, ರಾಂಪುರ. ಕಡೆಗೆ ಪಂಜಾಬಿನ ಜಲಂಧರ. ಸುಮಾರು ಮೂರು ವರ್ಷದ ಈ ಅಲೆದಾಟದಲ್ಲಿ ಕೇಳಿದ್ದು ಬಹಳ, ಅಲ್ಲೊಂದು ಇಲ್ಲೊಂದು ಕಲಿತದ್ದೂ ಉಂಟು. ಆದರೆ ಒಬ್ಬರ ಎದುರಿಗೆ ನೆಲೆಯಾಗಿ ಕೂತು ಕಲಿಯುವ ಯೋಗ ಕೂಡಿಬರಲಿಲ್ಲ. ಜಲಂಧರದ ಹರಿವಲ್ಲಭ ಸಂಗೀತ ಮೇಳಕ್ಕೆ ಬಂದಿದ್ದ ಹಿರಿಯ ಗಾಯಕ ವಿನಾಯಕರಾವ್ ಪಟವರ್ಧನರು ಹುಡುಗನ ಊರು ಕೇಳಿ ತಿಳಿದು, ನಿನ್ನ ಮನೆಯ ಹತ್ತಿರವೇ ಸವಾಯಿ ಗಂಧರ್ವರಿರುವಾಗ ಇಲ್ಲಿ ಏನು ಮಾಡುತ್ತೀ ಎಂದರೆಂಬುದು ಪ್ರಸಿದ್ಧ. ಭೀಮಸೇನರು ಪಟವರ್ಧನರ ಶಿಷ್ಯರಾಗಲಿಲ್ಲ. ಆದರೂ ಆ ಒಂದು ಮಾತು ಅವರ ಬದುಕಿನ ದಿಕ್ಕು ಬದಲಿಸಿತು. ದಾರಿ ಹೇಳುವವರು ವರ್ಷಗಟ್ಟಲೆ ಜೊತೆಗಿರಬೇಕೆಂದೇನೂ ಇಲ್ಲ. ಸರಿಯಾದ ಗುರುವಿನ ಹೆಸರು ಹೇಳಿ ಕಳಿಸುವ ಹಿರಿಯರೂ ಕಲಾವಿದನ ಬೆಳವಣಿಗೆಯಲ್ಲಿ ಪಾಲುದಾರರು, ಅವರ ಹೆಸರು ಸಾಮಾನ್ಯವಾಗಿ ಚರಿತ್ರೆಯಲ್ಲಿ ಉಳಿಯುವುದಿಲ್ಲ ಎಂಬುದೊಂದೇ ವ್ಯತ್ಯಾಸ.

1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಭೀಮಸೇನನನ್ನು ಶಿಷ್ಯನಾಗಿ ಒಪ್ಪಿಕೊಂಡರು. ಸವಾಯಿ ಗಂಧರ್ವರ ನಿಜನಾಮ ರಾಮಚಂದ್ರ ಕುಂದಗೋಳಕರ. ಸವಾಯಿ ಗಂಧರ್ವ ಎಂಬುದು ಮರಾಠಿ ರಂಗಭೂಮಿಯಲ್ಲಿ ಅವರ ಗಾಯನ ಕೇಳಿ ಮೆಚ್ಚಿದವರು ಕೊಟ್ಟ ಬಿರುದು. ಶಿಷ್ಯ ಗುರುವಿನ ಮನೆಯಲ್ಲೇ ಉಳಿದ, ನೀರು ತಂದ, ಮನೆಗೆಲಸ ಮಾಡಿದ. ಮೊದಮೊದಲು ಪಾಠವೆಂಬುದು ಇರಲೇ ಇಲ್ಲ ಎನ್ನುವಷ್ಟು ಕಡಿಮೆ. ಇಂದಿನ ಪೋಷಕರಿಗೆ ಇದು ಕಾಲಹರಣವೆನ್ನಿಸೀತು. ಅದರಲ್ಲಿ ದುಡಿಮೆಯ ಪಾಲು ಎಷ್ಟು, ಶಿಕ್ಷಣದ ಪಾಲು ಎಷ್ಟು ಎಂದು ಕೇಳುವುದೂ ನ್ಯಾಯವೇ. ಆದರೆ ಆ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಒಬ್ಬರಲ್ಲ ಒಬ್ಬರ ತಾಲೀಮು ನಡೆದೇ ಇರುತ್ತಿತ್ತು. ಕೊಡ ಹೊತ್ತು ಒಳಹೊರಗೆ ಓಡಾಡುವ ಹುಡುಗನ ಕಿವಿಗೆ ಅದೆಲ್ಲ ಬೀಳುತ್ತಿತ್ತು. ಬಾಯಿ ತೆರೆಯುವ ಮುನ್ನ ಕಿವಿ ತಯಾರಾಗುವ ಕಾಲ ಅದು.

ಪಾಠ ಶುರುವಾದ ಮೇಲೆ ಮುಖ್ಯವಾಗಿ ಕಲಿಸಿದ್ದು ಮೂರು ರಾಗ: ಬೆಳಿಗ್ಗೆ ತೋಡಿ, ಮಧ್ಯಾಹ್ನದ ಇಳಿಹೊತ್ತಿಗೆ ಮುಲ್ತಾನಿ, ಸಂಜೆಗೆ ಪೂರಿಯಾ. ನೂರಾರು ರಾಗಗಳಿರುವ ಪದ್ಧತಿಯಲ್ಲಿ ಮೂರನ್ನೇ ಹಿಡಿದು ಕೂರಿಸಿದ್ದೇಕೆ ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು. ಗುರುವಿಲ್ಲದೆ ಏನು ಸಿಗುವುದಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ.

ತೋಡಿ ಮತ್ತು ಮುಲ್ತಾನಿಯ ಸ್ವರಗಳನ್ನು ಕಾಗದದ ಮೇಲೆ ಬರೆದರೆ ಎರಡೂ ಒಂದೇ. ಕೋಮಲ ರಿಷಭ, ಕೋಮಲ ಗಾಂಧಾರ, ತೀವ್ರ ಮಧ್ಯಮ, ಪಂಚಮ, ಕೋಮಲ ಧೈವತ, ಶುದ್ಧ ನಿಷಾದ. ಆದರೂ ಬಲ್ಲವರಿಗೆ ಎರಡು ಸ್ವರ ಕೇಳಿದ ಕೂಡಲೇ ಯಾವ ರಾಗ ಎಂದು ತಿಳಿಯುತ್ತದೆ. ತೋಡಿಯಲ್ಲಿ ರಿಷಭ, ಗಾಂಧಾರ, ಧೈವತಗಳ ಮೇಲೆ ನಿಂತು ನಿಧಾನಕ್ಕೆ ಬೆಳೆಸಬಹುದು. ಅಲ್ಲಿನ ಗಾಂಧಾರ ಪೇಟಿಯ ಮನೆಯಲ್ಲಿ ಸಿಗುವುದಕ್ಕಿಂತ ಒಂದು ಕೂದಲೆಳೆ ಕೆಳಗೆ ಇರುತ್ತದೆ. ಮುಲ್ತಾನಿಯ ಆರೋಹದಲ್ಲಿ ರಿಷಭ, ಧೈವತಗಳನ್ನು ಬಿಟ್ಟೇ ಹೋಗಬೇಕು. ಇಳಿಯುವಾಗ ಅವು ಬರುತ್ತವೆ, ಆದರೆ ನಿಲ್ಲುವಂತಿಲ್ಲ. ಗಾಂಧಾರ ತೀವ್ರ ಮಧ್ಯಮದ ಕಡೆಯಿಂದ ತೂಗುತ್ತ ಇಳಿಯಬೇಕು, ಪಂಚಮದ ಮೇಲೆ ವಿಶ್ರಾಂತಿ. ಮುಲ್ತಾನಿ ಹಾಡುತ್ತಿರುವಾಗ ರಿಷಭದ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ಹೆಚ್ಚು ನಿಂತರೆ ಅಲ್ಲಿ ತೋಡಿಯ ನೆರಳು ಬಿದ್ದುಬಿಡುತ್ತದೆ. ಇನ್ನು ಪೂರಿಯಾದಲ್ಲಿ ಪಂಚಮವೇ ಇಲ್ಲ. ಅದೇ ಸ್ವರಗಳನ್ನು ಇಟ್ಟುಕೊಂಡ ಮಾರವಾ, ಸೋಹನಿ ಎಂಬ ಇನ್ನೆರಡು ರಾಗಗಳು ಪಕ್ಕದಲ್ಲೇ ಕಾದಿರುತ್ತವೆ. ರಿಷಭ, ಧೈವತಕ್ಕೆ ಬಲ ಕೊಟ್ಟರೆ ಮಾರವಾ ಆಗುತ್ತದೆ, ತಾರಕ್ಕೆ ಏರಿ ಕೂತರೆ ಸೋಹನಿ ಆಗುತ್ತದೆ. ಪೂರಿಯಾ ಮಂದ್ರದ ಕಡೆ ವಾಲಿಕೊಂಡು ನಿಷಾದ, ಗಾಂಧಾರಗಳ ನಡುವೆ ಬದುಕಬೇಕು.

ಎಷ್ಟು ಹೊತ್ತು ನಿಲ್ಲಬೇಕು, ಯಾವ ಕಡೆಯಿಂದ ಬಂದು ಮುಟ್ಟಬೇಕು, ಎಷ್ಟು ಒತ್ತಬೇಕು ಎಂಬುದನ್ನು ಯಾವ ಸ್ವರಲಿಪಿಯೂ ಹಿಡಿದಿಡಲಾರದು. ಧ್ವನಿಮುದ್ರಿಕೆ ಕೇಳಿದರೆ ಸರಿಯಾದದ್ದು ಹೇಗಿರುತ್ತದೆ ಎಂದು ತಿಳಿಯುತ್ತದೆ. ಆದರೆ ಕಲಿಯುವವನು ಎಲ್ಲಿ ತಪ್ಪಿದ ಎಂಬುದನ್ನು ಮುದ್ರಿಕೆ ಹೇಳುವುದಿಲ್ಲ. ತನ್ನ ಧ್ವನಿಯನ್ನು ತಾನೇ ಸರಿಯಾಗಿ ಕೇಳಿಸಿಕೊಳ್ಳುವ ಶಕ್ತಿ ಕಲಿಕೆಯ ಆರಂಭದಲ್ಲಿ ಯಾರಿಗೂ ಇರುವುದಿಲ್ಲ. ಆ ಕಾಲದಲ್ಲಿ ಗುರುವಿನ ಕಿವಿಯೇ ಶಿಷ್ಯನ ಕಿವಿ. ಒಂದೇ ತಿರುವನ್ನು ದಿನಗಟ್ಟಲೆ ಹಾಡಿಸಿ, ಪ್ರತಿಸಲವೂ ತಡೆದು, ಒಂದು ದಿನ ತಡೆಯದೆ ಬಿಟ್ಟಾಗ ಶಿಷ್ಯನಿಗೆ ಸರಿ–ತಪ್ಪಿನ ಅಂತರ ಒಳಗಿನಿಂದ ಗೊತ್ತಾಗಲು ತೊಡಗುತ್ತದೆ. ಹೀಗೆ ಮೂರು ರಾಗಗಳಲ್ಲಿ ಪಳಗಿದ ಕಿವಿ ನಾಲ್ಕನೆಯದನ್ನು ಬೇರೆಯವರಿಂದ ಕೇಳಿಯೇ ಎತ್ತಿಕೊಳ್ಳಬಲ್ಲದು. ಭೀಮಸೇನರು ಮುಂದೆ ಕೇಸರಬಾಯಿ ಕೇರ್ಕರ್, ಅಮೀರ್ ಖಾನ್ ಮೊದಲಾದವರ ಗಾಯನದಿಂದ ತಮಗೆ ಬೇಕಾದ್ದನ್ನು ತೆಗೆದುಕೊಂಡು ತಮ್ಮದಾಗಿಸಿಕೊಂಡದ್ದು ಈ ಬಲದ ಮೇಲೆ. ಕುಂದಗೋಳದ ವಾಸ 1940ರ ಹೊತ್ತಿಗೆ ಮುಗಿಯಿತು. ಮರುವರ್ಷ ಮೊದಲ ಕಛೇರಿ, 1942ರಲ್ಲಿ ಮೊದಲ ಧ್ವನಿಮುದ್ರಿಕೆ. 2008ರಲ್ಲಿ ಭಾರತರತ್ನ ಘೋಷಣೆ.

ಅದೇ ಗುರುವಿನ ಬಳಿ ಗಂಗೂಬಾಯಿ ಹಾನಗಲ್ ಕಲಿತದ್ದು ಬೇರೊಂದು ಬಗೆಯಲ್ಲಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರಿಗೆ ತಾಯಿ ಅಂಬಾಬಾಯಿಯೇ ಮೊದಲ ಸಂಗೀತ. ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಕೃಷ್ಣಾಚಾರ್ಯ ಹುಲಗೂರ, ದತ್ತೋಪಂತ ದೇಸಾಯಿಯವರ ಬಳಿ ಒಂದಿಷ್ಟು ಪಾಠವಾದ ಮೇಲೆ ಸವಾಯಿ ಗಂಧರ್ವರ ಶಿಷ್ಯತ್ವ. ಮಕ್ಕಳೊಂದಿಗೆ, ಸಂಸಾರದ ಭಾರದೊಂದಿಗೆ ಗುರುಗೃಹದಲ್ಲಿ ಉಳಿಯುವ ಮಾತೇ ಇರಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ, ಪಾಠ ಮುಗಿಸಿ, ರೈಲಿನಲ್ಲೇ ಮರಳುತ್ತಿದ್ದರು. ಹಾಡುವ ಹೆಣ್ಣುಮಕ್ಕಳನ್ನು ಸಮಾಜ ಕೀಳಾಗಿ ಕಂಡ ಕಾಲವದು, ಜಾತಿಯ ನೋವೂ ಅವರನ್ನು ಬಿಡಲಿಲ್ಲ; ‘ನನ್ನ ಬದುಕಿನ ಹಾಡು’ ಎಂಬ ಆತ್ಮಕಥನದಲ್ಲಿ ಅವರು ಈ ದಿನಗಳನ್ನು ನೆನೆದಿದ್ದಾರೆ. ಇಂಥ ಕಲಾವಿದೆಗೆ ಗುರು ಕೊಟ್ಟದ್ದರಲ್ಲಿ ರಾಗವಿದ್ಯೆಯ ಜೊತೆಗೆ ಇನ್ನೊಂದು ಸಂಗತಿಯೂ ಸೇರಿದೆ. ಸವಾಯಿ ಗಂಧರ್ವರ ಶಿಷ್ಯೆ ಎಂಬ ಹೆಸರು ಮುಂಬಯಿ, ಕೋಲ್ಕತ್ತದ ವೇದಿಕೆಗಳಲ್ಲಿ ಅವರ ಮಾತಿಗೆ, ಹಾಡಿಗೆ ಆಧಾರವಾಯಿತು. ಹುಟ್ಟಿನಿಂದ ಸಮಾಜ ಕೊಡದೇ ಹೋದ ನೆಲೆಯನ್ನು ಗುರುಪರಂಪರೆ ಕೊಟ್ಟಿತು.

ಗಂಗೂಬಾಯಿಯವರ ದನಿ ಗಂಟಲಿನ ಚಿಕಿತ್ಸೆಯ ನಂತರ ಗಡುಸಾಯಿತು. ಗುರುವಿನ ಕಿರಾನಾ ಘರಾನೆ ಎಂದರೆ ಮೃದು ಮಧುರ ಕಂಠ ಎಂದೇ ಜನ ಎಣಿಸಿದ್ದ ಕಾಲದಲ್ಲಿ ಆ ಭಾರದ ದನಿಯನ್ನು ಅವರು ಮುಚ್ಚಿಡಲಿಲ್ಲ, ತೆಳುಮಾಡಲಿಲ್ಲ. ಅದನ್ನೇ ವಿಲಂಬಿತದ ಗಾಂಭೀರ್ಯವಾಗಿ ಬೆಳೆಸಿದರು. ಭೀಮಸೇನರದು ಸಿಡಿಲಿನಂಥ ತಾನ. ಅದೇ ಗುರುವಿನ ಇನ್ನೊಬ್ಬ ಶಿಷ್ಯ, ಮುಂಬಯಿಯ ಪಾರ್ಸಿ ಗಾಯಕ ಫಿರೋಜ್ ದಸ್ತೂರ್ ಅವರದು ಅಬ್ದುಲ್ ಕರೀಂ ಖಾನರ ಮಾಧುರ್ಯಕ್ಕೆ ತೀರ ಹತ್ತಿರದ ಹಾಡಿಕೆ. ಮೂವರ ಧ್ವನಿಮುದ್ರಿಕೆಗಳನ್ನು ಒಂದೇ ಸಂಜೆ ಕೇಳಿದವರಿಗೆ ಸವಾಯಿ ಗಂಧರ್ವರ ದೊಡ್ಡತನ ತಿಳಿಯುತ್ತದೆ: ಸ್ವರ ಹಚ್ಚುವ ಬಗೆ ಮೂವರಲ್ಲೂ ಒಂದೇ ಮನೆಯದು, ಕಂಠ ಮಾತ್ರ ಅವರವರದು. ತನ್ನ ಪಡಿಯಚ್ಚು ತೆಗೆಯುವ ಗುರುವಿಗೆ ಇದು ಸಾಧ್ಯವಾಗುತ್ತಿರಲಿಲ್ಲ.

ಸವಾಯಿ ಗಂಧರ್ವರೂ ಒಬ್ಬರ ಎದುರಿಗೆ ಕೂತು ಕಲಿತವರೇ. ಕುಂದಗೋಳದ ನಾಡಗೀರರ ವಾಡೆಗೆ ಅಬ್ದುಲ್ ಕರೀಂ ಖಾನರು ಬಂದು ಹೋಗುವುದಿತ್ತು. ಹುಡುಗ ರಾಮಚಂದ್ರನನ್ನು ಶಿಷ್ಯನಾಗಿ ತೆಗೆದುಕೊಳ್ಳುವಾಗ ಎಂಟು ವರ್ಷ ಬಿಟ್ಟುಹೋಗದೆ ಕಲಿಯಬೇಕು ಎಂದು ಖಾನರು ಕರಾರು ಹಾಕಿದರಂತೆ. ಕರಾರು ಗುರುವಿನ ಕಡೆಯಿಂದಲೂ ಅಷ್ಟೇ ಭಾರದ್ದು: ಎಂಟು ವರ್ಷ ನಾನು ನಿನ್ನನ್ನು ಕೇಳುತ್ತೇನೆ ಎಂದು ಅವರೂ ಒಪ್ಪಿಕೊಂಡಂತಾಯಿತು. ಇಲ್ಲಿ ವಾಡೆಯ ಯಜಮಾನರಾದ ನಾಡಗೀರರ ಪಾತ್ರವನ್ನು ಮರೆಯುವಂತಿಲ್ಲ. ಉತ್ತರದ ಉಸ್ತಾದರೊಬ್ಬರು ಒಂದು ಸಣ್ಣ ಊರಿನಲ್ಲಿ ಬಂದು ತಂಗಲು ಜಾಗ, ಊಟ, ಮರ್ಯಾದೆ ಒದಗಿಸಿದ ಮನೆ ಇಲ್ಲದಿದ್ದರೆ ಗುರುವೂ ಶಿಷ್ಯನೂ ಪರಸ್ಪರ ಸಿಗುತ್ತಲೇ ಇರಲಿಲ್ಲ.

ಎಲ್ಲರಿಗೂ ಒಬ್ಬನೇ ಗುರು ಸಾಲದು. ಧಾರವಾಡದ ಹತ್ತಿರದ ಮನ್ಸೂರಿನಲ್ಲಿ 1910ರ ಕೊನೆಯ ದಿನ ಹುಟ್ಟಿದ ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲೇ ನಾಟಕ ಕಂಪನಿ ಸೇರಿದರು. ರಂಗದ ಮೇಲಿನ ಹಾಡು ಕೇಳಿ ಮೆಚ್ಚಿದ ನೀಲಕಂಠ ಬುವಾ ಹುಡುಗನನ್ನು ಮಿರಜಿಗೆ ಕರೆದುಕೊಂಡು ಹೋಗಿ ಗ್ವಾಲಿಯರ್ ಘರಾನೆಯ ಅಡಿಪಾಯ ಹಾಕಿದರು. ವರ್ಷಗಳಾದ ಮೇಲೆ, ಆಗಲೇ ಹೆಸರು ಮಾಡಿದ್ದ ಮನ್ಸೂರರು ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕೂತರು. 1937ರಲ್ಲಿ ಮಂಜಿ ಖಾನರು ತೀರಿಕೊಂಡಾಗ ಅವರ ತಮ್ಮ ಬುರ್ಜಿ ಖಾನರ ಬಳಿ ಕಲಿಕೆ ಮುಂದುವರಿಯಿತು. ಜೈಪುರ–ಅತ್ರೌಲಿ ಘರಾನೆಯ ಅಪರೂಪದ ಜೋಡುರಾಗಗಳು ಕನ್ನಡಿಗನೊಬ್ಬನ ಕಂಠದಲ್ಲಿ ಉಳಿದದ್ದು ಹೀಗೆ. ಮಂಜಿ ಖಾನರ ಸಹವಾಸ ಎರಡು ವರ್ಷವೂ ಮುಟ್ಟಲಿಲ್ಲ, ಆದರೂ ಮನ್ಸೂರರ ಹಾಡಿಕೆಯ ಚಹರೆ ಬದಲಾಯಿತು. ಅಡಿಪಾಯ ಗಟ್ಟಿಯಿದ್ದವನಿಗೆ ಸಣ್ಣ ಅವಧಿಯ ಗುರುವೂ ದೊಡ್ಡದನ್ನು ಕೊಡಬಲ್ಲ. ಹಾಗೆಯೇ, ಪ್ರಸಿದ್ಧನಾದ ಮೇಲೂ ಇನ್ನೊಬ್ಬರ ಎದುರಿಗೆ ಕೂರುವ ವಿನಯ ಎಲ್ಲರಿಗೂ ಸಾಧ್ಯವಾಗುವುದಿಲ್ಲ, ಮನ್ಸೂರರಿಗೆ ಆಯಿತು.

ಇಲ್ಲಿಯವರೆಗಿನ ಎಲ್ಲ ಕತೆಗಳಲ್ಲೂ ಕಲಿಯುವವನಿಗೆ ಒಂದು ಮನೆ, ಇಲ್ಲವೇ ರೈಲಿನ ಟಿಕೆಟಿಗೆ ದುಡ್ಡು ಎಲ್ಲಿಂದಲೋ ಒದಗಿತು. ಅದೂ ಇಲ್ಲದವರು ಏನು ಮಾಡಬೇಕು? ಗದುಗಿನ ವೀರೇಶ್ವರ ಪುಣ್ಯಾಶ್ರಮ ಹುಟ್ಟಿದ್ದು ಈ ಪ್ರಶ್ನೆಗೆ ಉತ್ತರವಾಗಿ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟುಕುರುಡನಾಗಿ ಜನಿಸಿದ ಗದಿಗೆಯ್ಯನ ಹಾಡು ಹಾನಗಲ್ಲ ಕುಮಾರ ಸ್ವಾಮಿಗಳ ಕಿವಿಗೆ ಬಿತ್ತು. ಬಾದಾಮಿ ಸೀಮೆಯ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರ ಕಟ್ಟಿದ ಸ್ವಾಮಿಗಳು ಇವರು. ಸ್ವಾಮಿಗಳಿಗೆ ಸಂಗೀತ ಕಲಿಸುವುದು ಸಾಧ್ಯವಿರಲಿಲ್ಲ, ಆದರೆ ಕಲಿಸುವವರನ್ನು ಒದಗಿಸುವುದು ಸಾಧ್ಯವಿತ್ತು. ಹುಡುಗ ಮೈಸೂರಿನಲ್ಲಿ ಕರ್ನಾಟಕ ಸಂಗೀತ ಕಲಿತ, ಆಮೇಲೆ ಕಿರಾನಾದ ಅಬ್ದುಲ್ ವಹೀದ್ ಖಾನರಿಂದ ಹಿಂದೂಸ್ತಾನಿ. ಎರಡೂ ಪದ್ಧತಿಗಳನ್ನು ಅರಗಿಸಿಕೊಂಡ ಅವರನ್ನು ನಾಡು ಉಭಯಗಾನ ವಿಶಾರದ ಪಂಚಾಕ್ಷರಿ ಗವಾಯಿ ಎಂದು ಕರೆಯಿತು.

ತಾವು ಪಡೆದದ್ದನ್ನು ಪಂಚಾಕ್ಷರಿ ಗವಾಯಿಗಳು ಒಬ್ಬ ಮಗನಿಗೋ ಆಯ್ದ ಶಿಷ್ಯನಿಗೋ ಕೊಟ್ಟು ಸುಮ್ಮನಾಗಲಿಲ್ಲ. ಕಣ್ಣಿಲ್ಲದ, ತಂದೆತಾಯಿಯಿಲ್ಲದ, ಬಡ ಮಕ್ಕಳನ್ನು ಜಾತಿ ಕೇಳದೆ ಕೂಡಿಸಿಕೊಂಡು, ಮೊದಲು ಊರೂರು ಸಂಚರಿಸುವ ಪಾಠಶಾಲೆಯಾಗಿ, ಮುಂದೆ ಗದುಗಿನಲ್ಲಿ ನೆಲೆನಿಂತ ಆಶ್ರಮವಾಗಿ ಬೆಳೆಸಿದರು. ಅಲ್ಲಿ ಊಟ, ವಸತಿ, ಪಾಠ ಮೂರೂ ಉಚಿತ. ಗಾಯನದ ಜೊತೆ ಪೇಟಿ, ತಬಲಾ, ಪಿಟೀಲು, ಕೀರ್ತನೆ, ಪುರಾಣ. ಕಣ್ಣು ಕಾಣದ ಮಕ್ಕಳಿಗೆ ಲಿಪಿಯ ಹಂಗಿಲ್ಲ, ಎಲ್ಲವೂ ಬಾಯಿಂದ ಕಿವಿಗೆ, ಕೈ ಹಿಡಿದು ವಾದ್ಯಕ್ಕೆ. ತಬಲಾದ ಮೇಲೆ ಬೆರಳು ಬೀಳುವ ಜಾಗವನ್ನು ಗುರು ಶಿಷ್ಯನ ಬೆರಳನ್ನೇ ಹಿಡಿದು ತೋರಿಸಬೇಕು. ಇದು ನೂರು ಮಕ್ಕಳ ತರಗತಿಯಲ್ಲಿ ನಡೆಯುವ ಕೆಲಸವಲ್ಲ. ಹಾಗಾಗಿ ಹಿರಿಯ ಶಿಷ್ಯ ಕಿರಿಯನಿಗೆ ಹೇಳಿಕೊಡುವ ಪದ್ಧತಿ ತಾನಾಗಿಯೇ ಬೆಳೆಯಿತು.

ಕುಂದಗೋಳ ಸೀಮೆಯ ಯಲಿವಾಳದ ಬಸವರಾಜ ರಾಜಗುರು ಹದಿಮೂರರ ಆಸುಪಾಸಿನಲ್ಲಿ ಪಂಚಾಕ್ಷರಿ ಗವಾಯಿಗಳ ಕೈಗೆ ಬಂದರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆದಾಗ ಹುಡುಗನ ಮೊದಲ ದೊಡ್ಡ ಕಛೇರಿ. ತಬಲಾ ಸಾಥ್‌ಗೆ ಕೂತವರು ಸ್ವತಃ ಗುರುಗಳು. ಇಡೀ ನಾಡೇ ನೆರೆದ ಸಭೆಯಲ್ಲಿ ಗುರು ತಾನು ಹಾಡದೆ ಶಿಷ್ಯನನ್ನು ನಡುವೆ ಕೂರಿಸಿ, ಪಕ್ಕಕ್ಕೆ ಸರಿದು ತಾಳ ಹಿಡಿದರು. ಲಯ ಜಾರಿದರೆ ಹಿಡಿದು ನಿಲ್ಲಿಸಲು ಬಲ್ಲವರು ಪಕ್ಕದಲ್ಲೇ ಇದ್ದಾರೆ, ಸಭೆಯ ಕಣ್ಣು ಮಾತ್ರ ಹಾಡುವವನ ಮೇಲೆ. ಹೊಸಬನನ್ನು ಲೋಕದ ಮುಂದೆ ತರುವುದಕ್ಕೆ ಇದಕ್ಕಿಂತ ಚಂದದ ರೀತಿ ಇರಲಾರದು. ರಾಜಗುರು ಮುಂದೆ ಸವಾಯಿ ಗಂಧರ್ವ, ಸುರೇಶಬಾಬು ಮಾನೆ ಮೊದಲಾದ ಅನೇಕರ ಬಳಿ ಕಲಿತರು; ಕರಾಚಿಯವರೆಗೂ ಹೋಗಿ ಉಸ್ತಾದರ ಮನೆಗಳ ಬಾಗಿಲು ತಟ್ಟಿದರು. ಅವರಷ್ಟು ಬಗೆಬಗೆಯ ಚೀಜುಗಳ (ರಾಗರಚನೆಗಳ) ಭಂಡಾರ ಇಟ್ಟುಕೊಂಡಿದ್ದ ಗಾಯಕರು ಕಡಿಮೆ.

ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡಾಗ ಆಶ್ರಮದ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು. 1914ರಲ್ಲಿ ಹಾನಗಲ್ ಸೀಮೆಯ ದೇವಗಿರಿಯಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. 2010ರ ಸೆಪ್ಟೆಂಬರ್ 17ರಂದು ತೀರಿಕೊಳ್ಳುವ ತನಕ ಅರವತ್ತಾರು ವರ್ಷ ಅವರ ಕೆಲಸ ಒಂದೇ ಆಗಿತ್ತು: ಬಂದ ಮಕ್ಕಳಿಗೆ ಅನ್ನ ಹಾಕುವುದು, ಹಾಡು ಕಲಿಸುವುದು. ಅನ್ನದ ಖರ್ಚಿಗಾಗಿ ಆಶ್ರಮದ ಹೆಸರಿನಲ್ಲಿ ನಾಟಕ ಕಂಪನಿ ನಡೆಯಿತು. ಭಕ್ತರು ಊರೂರಲ್ಲಿ ಅವರ ತುಲಾಭಾರ ಮಾಡಿ ಆ ಹಣವನ್ನು ಮಕ್ಕಳಿಗೆ ಮುಡಿಪಿಟ್ಟರು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಕೃತಿ ರಚಿಸಿದ, ಹತ್ತಾರು ವಾದ್ಯ ನುಡಿಸಬಲ್ಲ ಕಲಾವಿದರು ತಮ್ಮ ಆಯುಷ್ಯದ ದೊಡ್ಡ ಪಾಲನ್ನು ಜೋಳ ಬೇಳೆಯ ಲೆಕ್ಕಕ್ಕೆ ಕೊಟ್ಟರು. ಕಲೆಯಲ್ಲಿ ಮಾರ್ಗದರ್ಶನದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ಹಸಿದ ಹೊಟ್ಟೆಯಲ್ಲಿ ಖರಜ (ಮಂದ್ರಸ್ವರ) ಸಾಧನೆ ನಡೆಯುವುದಿಲ್ಲ. ಹತ್ತು ವರ್ಷ ಗಳಿಕೆಯಿಲ್ಲದೆ ಕಲಿಯಬೇಕಾದ ವಿದ್ಯೆಯಲ್ಲಿ ಯಾರು ಉಣಿಸುತ್ತಾರೆ ಎಂಬುದೇ ಯಾರು ಕಲಾವಿದರಾಗುತ್ತಾರೆ ಎಂಬುದನ್ನು ಅರ್ಧ ತೀರ್ಮಾನಿಸುತ್ತದೆ.

ಆಶ್ರಮದಿಂದ ಹೊರಬಂದವರಲ್ಲಿ ಇಂದು ದೇಶಕ್ಕೆಲ್ಲ ಪರಿಚಿತರಾದವರು ಪಂಡಿತ ಎಂ. ವೆಂಕಟೇಶಕುಮಾರ್. ಬಳ್ಳಾರಿ ಸೀಮೆಯ ಲಕ್ಷ್ಮೀಪುರದಲ್ಲಿ 1953ರಲ್ಲಿ ಹುಟ್ಟಿದ ಹುಡುಗ. ತಂದೆ ಹುಲೆಪ್ಪ ಜನಪದ ಕಲಾವಿದರು. ಹನ್ನೆರಡರ ವಯಸ್ಸಿನಲ್ಲಿ ಅವರನ್ನು ಗದುಗಿಗೆ ಕರೆತಂದು ಬಿಟ್ಟವರು ಮಾವ, ತೊಗಲುಗೊಂಬೆಯ ಹೆಸರಾಂತ ಕಲಾವಿದ ಬೆಳಗಲ್ಲು ವೀರಣ್ಣ. ಸುಮಾರು ಹನ್ನೆರಡು ವರ್ಷ ಪುಟ್ಟರಾಜರ ಬಳಿ ಕಲಿತು, ಧಾರವಾಡದಲ್ಲಿ ದಶಕಗಳ ಕಾಲ ಸಂಗೀತ ಪಾಠ ಹೇಳಿದ ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು. ಆದರೆ ಪುಣ್ಯಾಶ್ರಮದ ನಿಜವಾದ ಫಲ ಪ್ರಶಸ್ತಿ ಪಡೆದವರಲ್ಲಿ ಮಾತ್ರ ಇಲ್ಲ. ಶಾಲೆಗಳ ಸಂಗೀತ ಶಿಕ್ಷಕರು, ಮಠಗಳ ಪುರಾಣ ಪ್ರವಚನಕ್ಕೆ ಸಾಥ್ ಕೊಡುವ ತಬಲಜಿಗಳು, ಕೀರ್ತನಕಾರರು, ಜಾತ್ರೆಯ ನಾಟಕಕ್ಕೆ ಬರುವ ಪೇಟಿ ಮಾಸ್ತರರು ಇವರಲ್ಲಿ ಎಷ್ಟೋ ಜನ ಗದುಗಿನ ಆಶ್ರಮದ ಮಕ್ಕಳು. ಕಣ್ಣಿಲ್ಲದವನಿಗೆ ಭಿಕ್ಷೆಯೇ ಗತಿ ಎಂದಿದ್ದ ಸಮಾಜದಲ್ಲಿ ಅವರು ದುಡಿದು ಸಂಸಾರ ನಡೆಸಿದರು. ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳಿಗೆ ಸ್ವರಜ್ಞಾನ ಮುಟ್ಟಿದ್ದು ಇವರ ಮೂಲಕ.

ಬೇರೆ ಕಲೆಗಳಲ್ಲಿ ರೀತಿ ಬೇರೆ, ತಿರುಳು ಒಂದೇ. ಗದುಗಿನಲ್ಲಿ ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾ ಮಂದಿರ ಈ ಭಾಗದ ಚಿತ್ರಕಾರರಿಗೆ ಅಕ್ಷರಾಭ್ಯಾಸದ ಜಾಗವಾಯಿತು. ಗಜೇಂದ್ರಗಡದ ನೇಕಾರರ ಮನೆಗಳಲ್ಲಿ ಮಕ್ಕಳು ಪಟ್ಟೆದಂಚಿನ ಸೀರೆಯ ಹದವನ್ನು ಕಲಿತದ್ದು ಮಗ್ಗದ ಪಕ್ಕ ಕೂತು ಹಿರಿಯರ ಕೈ ನೋಡುತ್ತ. ರಂಗಭೂಮಿಯಲ್ಲಿ ಗುಬ್ಬಿ ವೀರಣ್ಣನವರ ಉದಾಹರಣೆ ದೊಡ್ಡದು. ಮನೆಬಿಟ್ಟು ಕಂಪನಿ ಸೇರಿದ್ದ ಬಿ.ವಿ. ಕಾರಂತರನ್ನು ಅವರು ಓದಿಗಾಗಿ ಬನಾರಸಿ‌ಗೆ ಕಳಿಸಿದರು. ಅಲ್ಲಿ ಕಾರಂತರು ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತರು. ಒಳ್ಳೆಯ ನಟನನ್ನು ಕಂಪನಿಯಲ್ಲೇ ಉಳಿಸಿಕೊಂಡಿದ್ದರೆ ವೀರಣ್ಣನವರಿಗೆ ಲಾಭವಿತ್ತು. ಕಳಿಸಿಕೊಟ್ಟದ್ದರಿಂದ ಭಾರತದ ರಂಗಭೂಮಿಗೆ ಲಾಭವಾಯಿತು. ಸಾಹಿತ್ಯದಲ್ಲಿ ಒಂದು ಭೇಟಿಯೇ ಸಾಕಾದದ್ದೂ ಇದೆ: 1924ರಲ್ಲಿ ಇಂಗ್ಲಿಷ್ ಕವಿತೆಗಳನ್ನು ಹಿಡಿದು ಬಂದ ತರುಣ ಕುವೆಂಪುಗೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ನಿನ್ನ ತಾಯ್ನುಡಿಯಲ್ಲಿ ಬರೆ ಎಂದು ಹೇಳಿ ಕಳಿಸಿದರು.

ಇಷ್ಟೆಲ್ಲ ಹೇಳಿದ ಮೇಲೆ ಈ ಪದ್ಧತಿಯ ಕತ್ತಲ ಮಗ್ಗುಲನ್ನೂ ಹೇಳಲೇಬೇಕು. ಗುರುವಿನ ಕೈಯಲ್ಲಿ ಶಿಷ್ಯನ ಊಟ, ವಿದ್ಯೆ, ಭವಿಷ್ಯ ಮೂರೂ ಇದ್ದಾಗ ಶಿಷ್ಯನಿಗೆ ಇಲ್ಲ ಎನ್ನುವ ಧೈರ್ಯ ಇರುವುದಿಲ್ಲ. ಸೇವೆಯ ಹೆಸರಿನಲ್ಲಿ ದುಡಿಸಿಕೊಂಡವರು, ಮುಖ್ಯ ಚೀಜುಗಳನ್ನು ಮನೆಯವರಿಗೆ ಮಾತ್ರ ಕೊಟ್ಟು ಹೊರಗಿನವರಿಂದ ಮುಚ್ಚಿಟ್ಟವರು, ಇನ್ನೊಬ್ಬರ ಬಳಿ ಕಲಿಯಲು ಹೋದ ಶಿಷ್ಯನನ್ನು ದ್ರೋಹಿಯಂತೆ ಕಂಡವರು ಹಿಂದೂಸ್ತಾನಿ ಸಂಗೀತದ ಚರಿತ್ರೆಯಲ್ಲಿ ಕಡಿಮೆಯಿಲ್ಲ. ಇನ್ನೊಂದು ಅಪಾಯ ಅನುಕರಣೆ. ಗುರುವಿನ ಮುಖಭಾವ, ಕೈಸನ್ನೆ, ಕಡೆಗೆ ಕೆಮ್ಮನ್ನೂ ಎತ್ತಿಕೊಂಡು ಹಾಡಿನ ಒಳಗುಟ್ಟನ್ನು ಬಿಟ್ಟ ಶಿಷ್ಯರು ಎಲ್ಲ ಘರಾನೆಗಳಲ್ಲೂ ಸಿಗುತ್ತಾರೆ. ಹೆಣ್ಣುಮಕ್ಕಳಿಗಂತೂ ಗುರುಗೃಹವಾಸ ಬಹುಪಾಲು ಮುಚ್ಚಿದ ಬಾಗಿಲೇ ಆಗಿತ್ತು. ಗಂಗೂಬಾಯಿಯವರಂತೆ ದಿನವೂ ಹೋಗಿಬರುವ ದಾರಿ ಹುಡುಕಿಕೊಂಡವರು ಬೆರಳೆಣಿಕೆಯವರು. ಮಗುವನ್ನು ಗುರುವಿನ ಬಳಿ ಬಿಡುವ ತಂದೆತಾಯಿ ಇವತ್ತು ಹಿಂದಿನವರಿಗಿಂತ ಹೆಚ್ಚು ಪ್ರಶ್ನೆ ಕೇಳುವುದು ಸರಿಯೇ. ಅಲ್ಲಿ ಬೇರೆ ಮಕ್ಕಳಿದ್ದಾರೆಯೇ, ಮಗು ಅಂಜದೆ ಮಾತಾಡುತ್ತದೆಯೇ, ಗುರು ಬೇರೆಯವರ ಕಛೇರಿಗೂ ಹೋಗಿ ಕೇಳು ಎನ್ನುತ್ತಾರೆಯೇ, ಹಿಂದಿನ ಶಿಷ್ಯರು ಈಗ ಸ್ವಂತ ಹಾಡುತ್ತಿದ್ದಾರೆಯೇ ಎಂಬುದನ್ನು ನೋಡಿದರೆ ಬಹಳಷ್ಟು ತಿಳಿಯುತ್ತದೆ.

ಇಂದು ಕಲಿಯುವ ದಾರಿಗಳು ಹೆಚ್ಚಿವೆ. ಧಾರವಾಡದಲ್ಲಿ ವಿಶ್ವವಿದ್ಯಾಲಯದ ಸಂಗೀತ ಕಾಲೇಜಿದೆ. ಮೈಸೂರಿನಲ್ಲಿ ಗಂಗೂಬಾಯಿಯವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ. ಹುಬ್ಬಳ್ಳಿಯಲ್ಲಿ ಸರ್ಕಾರ ಅವರದೇ ಹೆಸರಿನಲ್ಲಿ ಗುರುಕುಲ ತೆರೆದು, ಗುರುಗಳಿಗೂ ಶಿಷ್ಯರಿಗೂ ಒಂದೇ ಆವರಣದಲ್ಲಿ ವಸತಿ ಕೊಟ್ಟು ಹಳೆಯ ಪದ್ಧತಿಗೆ ಸಂಸ್ಥೆಯ ರೂಪ ಕೊಡಲು ಯತ್ನಿಸಿದೆ. ಕೇಂದ್ರ ಸಂಸ್ಕೃತಿ ಇಲಾಖೆ 18ರಿಂದ 25 ವರ್ಷದ ಕಲಾವಿದರಿಗೆ ಗುರುವಿನ ಬಳಿ ಕಲಿಯಲೆಂದು ಎರಡು ವರ್ಷದ ಶಿಷ್ಯವೇತನ ಕೊಡುತ್ತದೆ. ಹೊರದೇಶಗಳಲ್ಲೂ ಇದೇ ಹುಡುಕಾಟ: ಸ್ವಿಟ್ಜರ್ಲೆಂಡಿನ ಗಡಿಯಾರ ಕಂಪನಿ ರೋಲೆಕ್ಸ್ 2002ರಿಂದ ಹಿರಿಯ ಕಲಾವಿದರೊಬ್ಬರಿಗೆ ಕಿರಿಯರೊಬ್ಬರನ್ನು ಜೋಡಿಸಿ ಖರ್ಚು ಕೊಡುವ ಯೋಜನೆ ನಡೆಸುತ್ತಿದೆ. ಮೊಬೈಲಿನಲ್ಲಿ ಮನ್ಸೂರರೂ ಭೀಮಸೇನರೂ ಬೇಕಾದ ಹೊತ್ತಿಗೆ ಸಿಗುತ್ತಾರೆ. ಹನ್ನೊಂದರ ಹುಡುಗ ತಟ್ಟೆಯೊಂದರ ಬೆನ್ನು ಹತ್ತಿ ಊರು ಬಿಡಬೇಕಾದ ಕಾಲ ಮುಗಿದಿದೆ. ಕಿವಿಗೆ ಬೇಕಾದ ಆಹಾರ ಹಳ್ಳಿಯ ಕಟ್ಟೆಯ ಮೇಲೇ ಇದೆ. ಆನ್‌ಲೈನ್ ಪಾಠದಲ್ಲಿ ದೂರದ ಗುರು ಶಿಷ್ಯನ ತಪ್ಪನ್ನು ತಕ್ಕಮಟ್ಟಿಗೆ ತಿದ್ದಲೂಬಹುದು. ಆದರೆ ದನಿ ತುಸು ತಡವಾಗಿ ಮುಟ್ಟುವುದರಿಂದ ಇಬ್ಬರೂ ಒಟ್ಟಿಗೆ ಹಾಡುವುದು, ತಬಲಾದೊಂದಿಗೆ ಲಯ ಕೂಡಿಸುವುದು ಅಲ್ಲಿ ಆಗದ ಮಾತು. ಕಡಿಮೆ ಬಿದ್ದಿರುವುದು ಎದುರಿಗೆ ಕೂತು ಕೇಳುವವರ ಸಮಯ. ವೇಳಾಪಟ್ಟಿಯ ನಲವತ್ತೈದು ನಿಮಿಷದಲ್ಲಿ ಹತ್ತು ವಿದ್ಯಾರ್ಥಿಗಳ ಮುಲ್ತಾನಿಯ ರಿಷಭವನ್ನು ಒಬ್ಬೊಬ್ಬರಾಗಿ ತಿದ್ದಲು ಎಂಥ ಪಂಡಿತರಿಗೂ ಆಗದು.

ಶಿಷ್ಯರು ಗುರುವಿನ ಋಣ ತೀರಿಸಿದ ಬಗೆಯೂ ಈ ಸೀಮೆಯಲ್ಲಿ ಹೆಚ್ಚಾಗಿ ಇನ್ನೊಬ್ಬರಿಗೆ ಅವಕಾಶ ಮಾಡಿಕೊಡುವುದೇ ಆಗಿದೆ. ಸವಾಯಿ ಗಂಧರ್ವರು 1952ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಮರುವರ್ಷವೇ ಭೀಮಸೇನರು ಪುಣೆಯಲ್ಲಿ ಗುರುವಿನ ಹೆಸರಿನ ಸಂಗೀತೋತ್ಸವ ಆರಂಭಿಸಿದರು. ಮುಂದಿನ ದಶಕಗಳಲ್ಲಿ ಅದು ದೇಶದ ಅತಿ ದೊಡ್ಡ ಶಾಸ್ತ್ರೀಯ ಸಂಗೀತ ಮೇಳಗಳಲ್ಲಿ ಒಂದಾಯಿತು. ಅಲ್ಲಿ ಹಾಡಲು ಕರೆ ಬಂತೆಂದರೆ ಹೊಸ ಗಾಯಕ ಗಾಯಕಿಯರಿಗೆ ಬೇರೆ ಪರಿಚಯಪತ್ರ ಬೇಕಿಲ್ಲ. ಕುಂದಗೋಳದಲ್ಲೂ ನಾಡಗೀರರ ವಾಡೆಯಲ್ಲಿ ಪ್ರತಿವರ್ಷ ಪುಣ್ಯತಿಥಿಯ ಸಂಗೀತೋತ್ಸವ ನಡೆಯುತ್ತ ಬಂದಿದೆ. ನಾಡಿನ ಹಿರಿಯರು ಬಂದು ಹಾಡಿದ ಅದೇ ಅಂಗಳದಲ್ಲಿ ಕಲಿಯುವ ಮಕ್ಕಳಿಗೂ ವೇದಿಕೆ ಸಿಗುತ್ತದೆ. ಗದುಗಿನ ಆಶ್ರಮದಲ್ಲಿ ಪುಟ್ಟರಾಜರ ನಂತರವೂ ಮಕ್ಕಳು ಬರುತ್ತಿದ್ದಾರೆ, ಊಟ ಪಾಠ ಎರಡೂ ನಡೆದಿವೆ, ದೊಡ್ಡವರು ಚಿಕ್ಕವರಿಗೆ ಪಲ್ಟಾ (ಸ್ವರಾಭ್ಯಾಸ) ಹೇಳಿಕೊಡುತ್ತಾರೆ.